ತ್ರಿವೇಣಿಯ ಎಲೆ

ಹೇಮಾವತಿ ಬಳಿ, ಮಡಕಶಿರಾ
೨೦ ಅಕ್ಟೋಬರ್ ೨೦೨೩

ಚಿರಂಜೀವಿ ತ್ರಿವೇಣಿಗೆ ನಿನ್ನ ತಿಪ್ಪೇಶಮಾವ ಬರೆಯುವುದು.

ನಿನ್ನ ಕಾಗದ ಬಂತು. ನಮ್ಮನ್ನು ಅನಂತಪುರ ಜಿಲ್ಲೆಯಿಂದ ಕಿತ್ತು ಬೇರೆ ಜಿಲ್ಲೆಗೆ ನೆಟ್ಟು ವರ್ಷ ದಾಟಿತು, ನೀನು ಇನ್ನೂ ಹಳೇ ಜಿಲ್ಲೆಯನ್ನೇ ಬರೆಯುತ್ತೀಯ. ಆದರೂ ಕಾಗದ ತಪ್ಪುವುದಿಲ್ಲ. ಪೋಸ್ಟ್‌ಮ್ಯಾನ್ ರಾಮಾಂಜಿ ಆಫ್ರಿಕಾದ ಸ್ಟಾಂಪು ಕಂಡರೆ ವಿಳಾಸ ಓದುವ ತೊಂದರೆ ತೆಗೆದುಕೊಳ್ಳದೆ ನೇರ ನಮ್ಮ ಜಗಲಿಗೆ ಬರುತ್ತಾನೆ. ಮಲಾವಿ ದೇಶದಿಂದ ಕಾಗದ ಬರುವ ಮನುಷ್ಯ ಈ ಸೀಮೆಗೆಲ್ಲ ನಾನೊಬ್ಬನೇ. ಫೋನಿನಲ್ಲಿ ಮಾತಾಡಿದರೆ ಇದು ಯಾರಿಗೆ ಗೊತ್ತಾಗುತ್ತದೆ ಹೇಳು.

ನೀನು ಕೇಳಿದ್ದು ಒಂದೇ ವಿಷಯ. ರಾಯದುರ್ಗಕ್ಕೆ ಫೋನ್ ಮಾಡಿದರೆ ಅವ್ವ ಎತ್ತುತ್ತಾಳೆ, ಉಸಿರು ಕೇಳಿಸುತ್ತದೆ, ಮಾತಾಡದೆ ಇಡುತ್ತಾಳೆ, ಯಾಕೆ ಅಂತ. ಮಹಾಲಯ ಅಮಾವಾಸ್ಯೆಗೆ ಹೇಗಿದ್ದರೂ ಅಕ್ಕನ ಮನೆಗೆ ಹೋಗುವವನಿದ್ದೆ. ಹೋಗಿ ನೋಡಿ ಬಂದಿದ್ದೇನೆ. ಅಕ್ಕ ಗಟ್ಟಿಯಾಗಿದ್ದಾಳೆ. ಫೋನು ಹಳೆಯದು, ಅದರ ಕಿವಿ ಕೆಟ್ಟಿದೆ. ನಿನ್ನ ಮಾತು ಅವಳಿಗೆ ಮುಟ್ಟುತ್ತಿಲ್ಲ, ಅಷ್ಟೇ. ಹೊಸದು ಕೊಡಿಸುವಂತೆ ನಿಮ್ಮಪ್ಪನಿಗೆ ಹೇಳಿದ್ದೇನೆ. ನಾನು ಹೇಳಿದ ಮೇಲೆ ಮುಗಿಯಿತು.

ಹಬ್ಬ ಚೆನ್ನಾಗಿ ಆಯಿತು. ನೀನು ನಿನ್ನ ದೇವರ ಕಡೆ ಹೋದ ಮೇಲೆ ಇದೆಲ್ಲ ಮರೆತಿರಬಹುದು, ಆದರೂ ಬರೆಯುತ್ತೇನೆ. ನಡುಮನೆಯಲ್ಲಿ ಸಾಲಾಗಿ ಹಿರಿಯರ ಎಲೆ ಹಾಕಿದರು. ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಎಡೆ, ಎಡೆಯ ಪಕ್ಕ ಹೊಸ ಬಟ್ಟೆ, ಅವರವರು ಮೆಚ್ಚುತ್ತಿದ್ದ ತಿಂಡಿ. ಮನೆಯಲ್ಲಿ ಇಷ್ಟು ಆದ ಮೇಲೆ ಎಲ್ಲ ಎಲೆಯಿಂದ ಒಂದೊಂದು ತುತ್ತು ತೆಗೆದು ಮಾಳಿಗೆಯ ಮೇಲೆ ಬೇರೆ ಬೇರೆ ಚೂರು ಎಲೆಯಲ್ಲಿ ಇಡುವುದು. ಕಾಗೆ ಯಾರ ತುತ್ತು ಮುಟ್ಟಿತೋ ಅವರು ಉಂಡರು ಎಂದು ಲೆಕ್ಕ. ಕಾಗೆ ಕರೆಯುವುದು ನನ್ನ ಕೆಲಸ, ನಿನಗೆ ಗೊತ್ತೇ ಇದೆ. ನಾನು ಮೆಟ್ಟಿಲು ಹತ್ತುವಾಗಲೇ ನಿಮ್ಮಪ್ಪ, "ಹತ್ತಪ, ಕಾಗಿ ನಿನ್ನ ದಾರೀನ ನೋಡಾಕತ್ತಾವ" ಎಂದರು. ನಾನು ಎರಡು ಸಲ ಕಾವ್ ಎಂದೆ. ಆಚೆ ಗುಮ್ಮಘಟ್ಟದವರೆಗಿನ ಕಾಗೆಗಳೆಲ್ಲ ಬಂದವು. ನಿನ್ನ ಅತ್ತೆ ಪಾಪಕ್ಕ ಕೆಳಗಿನಿಂದ, "ಕಾಗೆ ಬಂದಿದ್ದು ವಡೆಗೆ, ನಿಮ್ಮ ಗಂಟ್ಲಿಗಲ್ಲ" ಎಂದಳು. ಮದುವೆಯಾದಾಗಿನಿಂದ ಅವಳಿಗೆ ನನ್ನ ಗಂಟಲಿನ ಮೇಲೆ ಹೊಟ್ಟೆಕಿಚ್ಚು.

ಎಲ್ಲರ ಎಲೆಯನ್ನೂ ಕಾಗೆ ಮುಟ್ಟಿತು. ಒಬ್ಬರದ್ದೂ ಬಿಡಲಿಲ್ಲ.

ನಮ್ಮ ರೇಷ್ಮೆಹುಳು ಮೂರನೇ ಜ್ವರ ಎದ್ದಿವೆ, ಪೊರೆ ಬಿಟ್ಟು ಸೊಪ್ಪಿಗೆ ಬಾಯಿ ಹಾಕಿವೆ. ಅಲ್ಲಿ ನೀನು ಏನು ಉಣ್ಣುತ್ತೀಯ, ಯಾರ ಜೊತೆ ಮಾತಾಡುತ್ತೀಯ, ಬರೆ. ಅಕ್ಕನ ಯೋಚನೆ ಬಿಡು.

ನಿನ್ನ ಮಾವ
ತಿಪ್ಪೇಶ


ಡೆಡ್ಜಾ ಬಳಿ, ಮಲಾವಿ
೨೬ ನವೆಂಬರ್ ೨೦೨೩

ಪ್ರೀತಿಯ ಮಾವನಿಗೆ,

ನಿಮ್ಮ ಕಾಗದವನ್ನು ಊಟದ ಹೊತ್ತಿನಲ್ಲಿ ಓದಿ ಒಬ್ಬಳೇ ನಕ್ಕೆ. ಕ್ಲಿನಿಕ್ಕಿನ ಅಡುಗೆಯವರು ನನಗೆ ಜ್ವರವೇನೋ ಎಂದು ನೋಡಿದರು.

ಇಲ್ಲಿ ಮಳೆ ಶುರುವಾಗಿದೆ. ಮಣ್ಣು ನಮ್ಮ ಮಡಕಶಿರಾದ ಕಡಲೆಕಾಯಿ ಹೊಲಕ್ಕಿಂತ ಕೆಂಪು. ಜನ ಉಣ್ಣುವುದು ಮುಸುಕಿನ ಜೋಳದ ಹಿಟ್ಟಿನ ಮುದ್ದೆ, ಬೆಳ್ಳಗಿರುತ್ತದೆ, ಎನ್‌ಸಿಮಾ ಎನ್ನುತ್ತಾರೆ. ನಾನು ಅದನ್ನು ಮುರಿದು ಅದ್ದಿ ನುಂಗುವುದನ್ನು ಮೊದಲ ದಿನ ನೋಡಿ, "ಇವಳಿಗೆ ಯಾರು ಕಲಿಸಿದರು" ಎಂದು ಕೇಳಿದರು. ನಮ್ಮ ಮಾವ ಎಂದೆ. ಇಂಡಿಯಾದವರೆಂದರೆ ಇಲ್ಲಿಯವರಿಗೆ ಬಟ್ಟೆ ಅಂಗಡಿಯವರು. ಪಟ್ಟಣದಲ್ಲಿರುವುದು ಅವರೇ. ನಾನು ನರ್ಸು, ಸುವಾರ್ತೆ ಸೇವೆಗೆ ಬಂದವಳು ಎಂದರೂ ಬೈಬಲ್ ಕ್ಲಾಸು ಮುಗಿದ ಮೇಲೆ ಯಾರಾದರೂ ಮೆಲ್ಲಗೆ, "ನಿಮ್ಮ ಅಂಗಡಿ ಎಲ್ಲಿದೆ" ಎಂದು ಕೇಳುತ್ತಾರೆ. ರಾಯದುರ್ಗದಲ್ಲಿದೆ, ಅಪ್ಪ ಕೂತಿದ್ದಾರೆ ಎಂದರೆ ಅವರಿಗೆ ಸಮಾಧಾನ.

ಬೆಳಗ್ಗೆ ಮಕ್ಕಳ ತೂಕ, ಲಸಿಕೆ. ಮಧ್ಯಾಹ್ನ ಪಾಸ್ಟರ ಜೊತೆ ಮನೆಮನೆ ಭೇಟಿ. ಈ ತಿಂಗಳು ಒಂದು ಒಳ್ಳೆಯ ಕೆಲಸವಾಯಿತು. ನಾಬಂಡಾ ಎಂಬ ಹೆಂಗಸು ಇದ್ದಾಳೆ, ವಿಧವೆ. ಅವಳ ಮಗ ನದಿಯಲ್ಲಿ ಮುಳುಗಿ ಹೋದ. ಅವಳು ಊರಾಚೆ ಒಂದು ಮರದ ಬುಡದಲ್ಲಿ ಅವನಿಗೆಂದು ಹಿಟ್ಟು ಇಟ್ಟು ಬರುತ್ತಿದ್ದಳು. ಸತ್ತವರಿಗೆ ಹಸಿವಿಲ್ಲ ತಾಯಿ, ಅವನು ಯೇಸುವಿನ ಬಳಿ ಇದ್ದಾನೆ, ಇಡಬೇಡ ಎಂದು ಕೂತು ತಿಳಿಸಿ ಹೇಳಿದೆ. ಬಿಟ್ಟಳು. ಕ್ರಿಸ್‌ಮಸ್ಸಿಗೆ ದೀಕ್ಷಾಸ್ನಾನ. ಪಾಸ್ಟರು ಸಭೆಯ ಮುಂದೆ ನನ್ನ ಹೆಸರು ಹೇಳಿದರು. ಹೆಮ್ಮೆ ನಮ್ಮ ವಂಶದಲ್ಲಿ ಯಾರ ಕಡೆಯಿಂದ ಬಂದಿದೆಯೋ ನಿಮಗೆ ಗೊತ್ತು.

ಮಾವ, ಹೊಸ ಫೋನು ಬಂದಿದೆ ಅಲ್ಲವೇ. ಹೋದ ವಾರ ಗುಡ್ಡ ಹತ್ತಿ ಫೋನ್ ಮಾಡಿದೆ. ಮಾತು ಚೆನ್ನಾಗಿ ಕೇಳಿಸಿತು. ಅವ್ವ, ನಾನು ತ್ರಿವೇಣಿ ಎಂದೆ. ಅವಳ ಉಸಿರು ಕೇಳಿಸಿತು. ಆಮೇಲೆ ಅವ್ವ ತುಂಬ ಮೆಲ್ಲಗೆ, "ಮುಂದಕ್ಕ ಹೋಗವ್ವ" ಎಂದಳು.

ಅದು ಅವ್ವ ಬಾಗಿಲಿಗೆ ಬೇಡಲು ಬಂದವರಿಗೆ ಹೇಳುವ ಮಾತು. ನನಗೆ ಯಾಕೆ ಹೇಳಿದಳು? ಸಿಟ್ಟಿನ ಧ್ವನಿಯಲ್ಲ ಅದು. ಹೆದರಿದ ಧ್ವನಿ. ನಿಜ ಬರೆಯಿರಿ.

ತ್ರಿವೇಣಿ


ಮಡಕಶಿರಾ
೮ ಜನವರಿ ೨೦೨೪

ತ್ರಿವೇಣಿಗೆ,

ಕಾಗದ ಕೈಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದೆ. ಯಾಕೆ ಹೋದೆ ಎಂದರೆ, ಸುಳ್ಳನ್ನು ಚೆನ್ನಾಗಿ ಹೇಳುವುದಕ್ಕೂ ನಿಜ ಪೂರ್ತಿ ಗೊತ್ತಿರಬೇಕು. ಹೋಗಿ ಬಂದ ಮೇಲೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ.

ಅಕ್ಕ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತೆ. ನಲವತ್ತು ವರ್ಷ ರಾಯದುರ್ಗದಲ್ಲಿದ್ದು ಅವಳ ಬಾಯಿ ಪೂರ್ತಿ ಬಳ್ಳಾರಿ ಕಡೆ ತಿರುಗಿದೆ, ಅದನ್ನು ಆಡಿಕೊಂಡು ನಗಿಸಿದೆ. ಆಮೇಲೆ ಮೆಲ್ಲಗೆ, "ತ್ರಿವೇಣಿ ಫೋನ್ ಮಾಡಿದ್ಲಂತೆ ಕಣಕ್ಕ, ಯಾಕ್ ಮಾತಾಡ್ಲಿಲ್ಲ" ಎಂದೆ.

ಅಕ್ಕ ಸುತ್ತ ನೋಡಿ ನನ್ನ ಕಿವಿಗೆ ಬಾಯಿ ಇಟ್ಟಳು. "ಸುಮ್ಕಿರೋ ತಿಪ್ಪ. ಅಕಿ ಕರೀತಾಳ, ಖರೆ. ಓ ಅಂದ್ರ ಮುಗೀತು. ಸತ್ತೋರು ಕರದಾಗ ಓ ಅನಬಾರದು, ನಮ್ಮವ್ವ ಕಲಿಸಿಲ್ಲೇನು ನಿನಗ?"

ಅಷ್ಟು ಹೇಳಿ ಮತ್ತೆ ಕಾಯಿ ಸುಲಿಯತೊಡಗಿದಳು.

ಇನ್ನು ಬಚ್ಚಿಡುವುದಿಲ್ಲ. ನೀನು ದೀಕ್ಷಾಸ್ನಾನ ತೆಗೆದುಕೊಂಡ ವರ್ಷ ನಿಮ್ಮಪ್ಪ ಸಿಟ್ಟಿನಲ್ಲಿ, ನನಗೆ ಮಗಳಿಲ್ಲ, ಸತ್ತಳು ಎಂದದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು. ಆ ಮಹಾಲಯಕ್ಕೆ ಅವರು ಹಿರಿಯರ ಸಾಲಿನ ಕೊನೆಗೆ ನಿನ್ನ ಹೆಸರಿನಲ್ಲಿ ಒಂದು ಎಲೆ ಹಾಕಿಸಿದರು. ಪಕ್ಕದಲ್ಲಿ ಅಂಗಡಿಯಿಂದ ತಂದ ಸೀರೆ. ಅಕ್ಕ ಅತ್ತುಕೊಂಡೇ ಬಡಿಸಿದಳು. ಬದುಕಿರುವವರ ತುತ್ತನ್ನು ಕಾಗೆ ಮುಟ್ಟುವುದಿಲ್ಲ, ಅಲ್ಲಿಗೆ ಭಾವನ ಮುಖ ಸಣ್ಣದಾಗುತ್ತದೆ ಎಂದು ನಾನು ನಂಬಿದ್ದೆ. ಮಾಳಿಗೆ ಹತ್ತಿ ಎಂದಿನಂತೆ ಕರೆದೆ. ಒಂದು ಒಂಟಿ ಕಾಗೆ ಬಂದು, ಉಳಿದ ಯಾವುದನ್ನೂ ನೋಡದೆ, ಮೊದಲು ನಿನ್ನ ತುತ್ತನ್ನೇ ಎತ್ತಿಕೊಂಡು ಹೋಯಿತು. ಅಕ್ಕ ಮೆಟ್ಟಿಲ ಮೇಲೆ ನಿಂತು ಅದನ್ನು ನೋಡಿದಳು.

ಅಂದಿನಿಂದ ಪ್ರತಿ ವರ್ಷ ಎಲೆ ಬೀಳುತ್ತಿದೆ. ಈಗ ಬಳ್ಳಾರಿ ಡಾಕ್ಟರು ಅವಳಿಗೆ ಮರೆವಿನ ಕಾಯಿಲೆ ಎಂದಿದ್ದಾರೆ. ಜಗಳ ಮರೆತಿದ್ದಾಳೆ. ನಿನ್ನ ದೀಕ್ಷಾಸ್ನಾನ ಮರೆತಿದ್ದಾಳೆ. ಎಲೆ ಮಾತ್ರ ಉಳಿದಿದೆ.

ನಿಮ್ಮಪ್ಪನನ್ನು ಅಂಗಡಿಯಲ್ಲಿ ಹಿಡಿದೆ. ಗಿರಾಕಿ ಹೋದ ಮೇಲೆ, "ಗಂಗಾಧರಪ್ಪನವರೇ, ಬದುಕಿರೋ ಮಗಳಿಗೆ ಇನ್ನೂ ಎಷ್ಟು ವರ್ಷ ಪಿಂಡ ಇಡ್ತೀರಾ" ಎಂದು ನೇರ ಕೇಳಿದೆ. ಅವರು ಬಟ್ಟೆಯ ಥಾನು ಸುತ್ತುತ್ತಲೇ ಇದ್ದರು. "ಎರಡನೇ ವರ್ಷಾನ ಬಿಡೋಣು ಅಂದೆ ತಿಪ್ಪೇಶ. ನಿಮ್ಮಕ್ಕ ಬಿಡಲಿಲ್ಲ. ಬಿಟ್ರ ಹುಡುಗಿ ಹಸದು ಅಲೀತಾಳ ಅಂತಾಳ. ಆ ಕಾಗಿ ಮುಟ್ಟಿದ್ದು ನಾನೂ ನೋಡೀನಿ. ನನಗೂ ಒಮ್ಮೊಮ್ಮೆ..." ಎಂದು ನಿಲ್ಲಿಸಿದರು. ಥಾನು ಪೂರ್ತಿ ಸುತ್ತಿಯಾಗಿತ್ತು, ಮತ್ತೆ ಬಿಚ್ಚಿ ಸುತ್ತಿದರು.

ಧೈರ್ಯವಾಗಿರು. ಇದನ್ನು ನಾನು ಬಿಡಿಸುತ್ತೇನೆ. ಎಂಥೆಂಥ ಗಂಟು ಬಿಡಿಸಿದವನು ನಾನು.

ಮಾವ


ಡೆಡ್ಜಾ ಬಳಿ
೩ ಮಾರ್ಚ್ ೨೦೨೪

ಮಾವನಿಗೆ,

ನಾನು ಬದುಕಿದ್ದೇನೆ. ಇದನ್ನು ಕಾಗದದ ಮೇಲೆ ಬರೆಯಬೇಕಾಗುತ್ತದೆ ಎಂದು ಅಂದುಕೊಂಡಿರಲಿಲ್ಲ.

ನಿಮ್ಮ ಕಾಗದ ಓದಿದ ಮೇಲೆ ನಿಮ್ಮ ಅಕ್ಟೋಬರ್ ತಿಂಗಳ ಕಾಗದ ತೆಗೆದು ನೋಡಿದೆ. ಎಲ್ಲರ ಎಲೆಯನ್ನೂ ಮುಟ್ಟಿತು, ಒಬ್ಬರದ್ದೂ ಬಿಡಲಿಲ್ಲ ಎಂದು ಬರೆದಿದ್ದೀರಿ. ಆ ಒಬ್ಬರಲ್ಲಿ ನಾನೂ ಇದ್ದೆ. ನಾನು ಅದನ್ನು ನಗುತ್ತ ಓದಿದ್ದೆ.

ಜೋಳ ಆಳೆತ್ತರ ಬೆಳೆದಿದೆ. ದಾರಿಯಲ್ಲಿ ಎದುರು ಬರುವವರು ಕಾಣುವುದಿಲ್ಲ, ಸದ್ದು ಮಾತ್ರ. ಜನ ನನಗೆ ನಮಸ್ಕಾರ ಹೇಳದೆ ಹೋದರೆ ಈಗ ನಿಂತು ತಿರುಗಿ ನೋಡುತ್ತೇನೆ. ಕಾಣಲಿಲ್ಲವೋ, ನಾನು ಕಾಣುವಂತಿಲ್ಲವೋ. ಮೂರ್ಖತನ, ಗೊತ್ತು. ಪ್ರಾರ್ಥನೆ ಮಾಡುತ್ತೇನೆ. ಹೋಗುವುದಿಲ್ಲ.

ನಾಬಂಡಾ ವಿಷಯ ಅರ್ಧ ಬರೆದಿದ್ದೆ. ಮರದ ಬಳಿ ಹೋಗುವುದು ಬಿಟ್ಟ ಮೇಲೆ ಅವಳು ನಿದ್ದೆಯನ್ನೂ ಬಿಟ್ಟಿದ್ದಾಳೆ. ಮಗ ಜೋಳದ ಹೊಲದ ಅಂಚಿಗೆ ಬಂದು ನಿಲ್ಲುತ್ತಾನಂತೆ, ಒಳಗೆ ಬರುವುದಿಲ್ಲವಂತೆ. ಕ್ಲಿನಿಕ್ಕಿಗೆ ಬಂದು ಮಾತ್ರೆ ಕೇಳಿದಳು. ಕೊಟ್ಟೆ. ಎದ್ದು ಹೋಗುವಾಗ, "ಸಿಸ್ಟರ್, ನಾನು ಬಿಟ್ಟೆ. ಈಗ ಅವನಿಗೆ ಯಾರು ಇಡುತ್ತಾರೆ?" ಎಂದಳು. ಜಗಳಕ್ಕೆ ಕೇಳಿದ್ದಲ್ಲ. ನನಗೆ ಗೊತ್ತಿರುತ್ತದೆ ಎಂದು ಕೇಳಿದ್ದು. ನಾನು ಬೈಬಲ್ಲಿನ ವಾಕ್ಯ ಹೇಳಿದೆ. ಅವಳು ತಲೆ ಆಡಿಸಿ, ಉತ್ತರಕ್ಕೆ ಕಾಯುತ್ತ ಮತ್ತೆ ಅಲ್ಲೇ ಕೂತಳು.

ಈ ವರ್ಷ ಆ ಎಲೆ ಹಾಕಬಾರದು. ಅಪ್ಪನಿಗೆ ಹೇಳಿ. ಅವ್ವನಿಗೆ ನನ್ನ ಫೋಟೋ ತೋರಿಸಿ, ವಿದ್ಯಾಶ್ರೀಗೆ ಹೊಸದು ಕಳಿಸಿದ್ದೇನೆ. ಚಿಕ್ಕಪ್ಪನ ಮಗಳಾದರೂ ಆ ಮನೆತನದಲ್ಲಿ ನನ್ನ ಹೆಸರು ಹೇಳುವವಳು ಅವಳೊಬ್ಬಳೇ. ಅವ್ವ ಪೂರ್ತಿ ಮರೆಯುವ ಮೊದಲು ನಾನು ಬದುಕಿದ್ದೇನೆ ಎಂದು ಅವಳಿಗೆ ತಿಳಿಯಬೇಕು. ಬೇರೇನೂ ಬೇಡ. ಕ್ಷಮಿಸುವುದೂ ಬೇಡ.

ತ್ರಿವೇಣಿ


ಮಡಕಶಿರಾ
೨೨ ಏಪ್ರಿಲ್ ೨೦೨೪

ತ್ರಿವೇಣಿ,

ನೀನು ಬೈದು ಬರೆದಿದ್ದರೆ ಚೆನ್ನಾಗಿತ್ತು.

ಫೋಟೋ ಕೆಲಸ ಹೀಗಾಯಿತು. ವಿದ್ಯಾಶ್ರೀ ಫೋನಿನಲ್ಲಿದ್ದದ್ದು ಅಂಗೈಯಷ್ಟು. ಅಕ್ಕನ ಕಣ್ಣಿಗೆ ಅದು ಸಾಲದು ಎಂದು ರಾಯದುರ್ಗದ ಸ್ಟುಡಿಯೋದಲ್ಲಿ ಗೋಡೆಗೆ ತೂಗುವಷ್ಟು ದೊಡ್ಡದು ಮಾಡಿಸಿದೆ, ಕಟ್ಟು ಹಾಕಿಸಿದೆ. ಸ್ಟುಡಿಯೋದವನು ಯಾರಣ್ಣ ಇವರು ಎಂದಾಗ ನಮ್ಮ ಸೊಸೆ, ಆಫ್ರಿಕಾ ದೇಶಕ್ಕೆಲ್ಲ ದೊಡ್ಡ ಡಾಕ್ಟರು ಎಂದೆ. ನೀನು ತಿದ್ದಬೇಡ.

ಮಧ್ಯಾಹ್ನ ತಂದು ಅಕ್ಕನ ಕೈಗೆ ಕೊಟ್ಟೆ. "ನೋಡಕ್ಕ, ಈಗಿನ್ ಫೋಟೋ. ಎಂಗವಳೆ ನೋಡು ನಿನ್ ಮಗ್ಳು, ಗುಂಡುಕಲ್ಲಿನಂಗೆ." ಅಕ್ಕ ಸೆರಗಿನಿಂದ ಗಾಜು ಒರೆಸಿದಳು. ನಿನ್ನ ಮುಖವನ್ನು ಬೆರಳಿನಿಂದ ಸವರಿದಳು. "ಬಿಳೀದು ಉಟಗೊಂಡಾಳ" ಎಂದಳು. ಅದು ನರ್ಸಿನ ಬಟ್ಟೆ ಎಂದು ನಾನು ವಿವರಿಸುತ್ತಿರುವಾಗಲೇ ಒಳಗೆ ಹೋದಳು. ಹೊಸ ಕಟ್ಟು ಹಾಕಿದ್ದ ಫೋಟೋ ಅಲ್ಲವೇ, ಅಷ್ಟು ದೊಡ್ಡದು. ನಾನು ಕಾಫಿ ಕುಡಿದು ಹೋಗಿ ನೋಡುವಷ್ಟರಲ್ಲಿ ನಿನ್ನಜ್ಜನ ಫೋಟೋ ಪಕ್ಕ ಮೊಳೆಗೆ ತೂಗಿ, ಹಣೆಗೆ ಕುಂಕುಮ ಇಟ್ಟು, ಮಲ್ಲಿಗೆ ಹಾರ ಹಾಕಿದ್ದಳು. ಊದುಬತ್ತಿ ಹಚ್ಚುತ್ತಿದ್ದಳು. "ಚಲೋ ಮಾಡಿದಿ ತಿಪ್ಪ, ಅಕಿ ಫೋಟೋ ಒಂದು ಇರಲಿಲ್ಲ" ಎಂದಳು.

ಜೊತೆಗೆ ಬಂದಿದ್ದ ಪಾಪಕ್ಕ ನನ್ನ ಮುಖ ನೋಡಿದಳು. ಕಾಫಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಫೋಟೋ ಇಳಿಸೋಣ ಎಂದು ಕೈ ಹಾಕಿದೆ. ಅಕ್ಕ ನನ್ನ ಕೈ ಹಿಡಿದುಕೊಂಡ ಬಲ ನೋಡಿದರೆ ಡಾಕ್ಟರು ಹೇಳಿದ್ದೆಲ್ಲ ಸುಳ್ಳೆನಿಸಿತು. ಅದು ಅಲ್ಲೇ ಇದೆ.

ಈ ಗಂಟು ನನ್ನ ಕೈಯಲ್ಲಿ ಬಿಚ್ಚುವುದಿಲ್ಲ. ನಿನ್ನ ಮಾವ ಇಂಥ ಮಾತು ಎಂದೂ ಬರೆದವನಲ್ಲ, ಅಲ್ಲಿ ಯಾರಿಗೂ ಓದಿ ಹೇಳಬೇಡ.

ನನಗೆ ತೋಚಿದ್ದು ಒಂದೇ. ನೀನು ಬಾ. ಮಹಾಲಯದ ದಿನವೇ ಬಾ. ಉಳಿದ ದಿನ ಅವಳು ನಿನಗೆ ಹೆದರುತ್ತಾಳೆ. ಆ ಒಂದು ದಿನ ನಿನಗಾಗಿ ಕಾಯುತ್ತಾಳೆ. ಬೆಳಗಿನಿಂದ ಬೀದಿಬಾಗಿಲು ತೆರೆದಿಟ್ಟು ಹಿರಿಯರು ಬರುತ್ತಾರೆಂದು ಕೂರುವ ಹೆಂಗಸು ಅವಳು. ಭಾವನಿಗೆ ಹೇಳಿದೆ. ಬೇಡ ಎನ್ನಲಿಲ್ಲ. "ಬಂದ್ರ ಎಲ್ಲಿ ಕೂಡಸ್ತೀಯಪ?" ಎಂದರು.

ತಿಪ್ಪೇಶ


ಡೆಡ್ಜಾ ಬಳಿ
೧೬ ಜೂನ್ ೨೦೨೪

ಮಾವನಿಗೆ,

ಬರುತ್ತೇನೆ. ರಜೆ ಸಿಕ್ಕಿದೆ, ಸೆಪ್ಟೆಂಬರ್ ಕೊನೆಗೆ.

ಆದರೆ ಆ ದಿನವಲ್ಲ. ಅದಕ್ಕೆ ಮೊದಲೇ, ಯಾವುದಾದರೂ ಸಾದಾ ದಿನ, ಹಗಲಲ್ಲಿ, ಬೀದಿಬಾಗಿಲಿನಿಂದ ಬರುತ್ತೇನೆ. ಅವ್ವನ ಕೈ ಹಿಡಿದು ನನ್ನ ಕೈ ಬೆಚ್ಚಗಿರುವುದನ್ನು ತೋರಿಸುತ್ತೇನೆ. ಸತ್ತವರಿಗೆ ಇಟ್ಟದ್ದನ್ನು ಉಣ್ಣುವುದು ನನಗೆ ಆಗುವ ಮಾತಲ್ಲ. ಅದು ಬಿಡಿ ಎಂದು ಇಲ್ಲಿ ಮನೆಮನೆಗೆ ಹೋಗಿ ಹೇಳುವವಳು ನಾನು. ಅದಕ್ಕಿಂತ, ಆ ಎಲೆಯ ಮುಂದೆ ಕೂತರೆ ಅವ್ವ ಹೇಳುವುದು ನಿಜ ಎಂದು ನಾನೇ ಒಪ್ಪಿದ ಹಾಗೆ. ಹೆದರಿಕೆಯಾಗುತ್ತದೆ ಮಾವ. ಕೂತವಳು ಏಳುತ್ತೇನೋ ಇಲ್ಲವೋ ಎಂದು.

ಎಲೆ ಹಾಕದ ಹಾಗೆ ನೋಡಿಕೊಳ್ಳಿ.

ನಾಬಂಡಾಗೆ ಊರಿಗೆ ಹೋಗುತ್ತೇನೆ, ಅಮ್ಮನಿಗೆ ಹುಷಾರಿಲ್ಲ ಎಂದೆ. "ನಿಮ್ಮಮ್ಮ ನಿಮ್ಮನ್ನು ನೋಡಿದರೆ ಗುಣವಾಗುತ್ತಾರೆ" ಎಂದಳು. ಅವಳು ಬಹಳ ಇಳಿದುಹೋಗಿದ್ದಾಳೆ.

ತ್ರಿವೇಣಿ


ಡೆಡ್ಜಾ ಬಳಿ
೨೭ ಅಕ್ಟೋಬರ್ ೨೦೨೪

ಪ್ರೀತಿಯ ಮಾವನಿಗೆ,

ಊರಿನಿಂದ ಬಂದು ಇಷ್ಟು ದಿನ ಬರೆಯಲಾಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನೀವು ಕೇಳಿದಿರಿ, ನಾನು ಬಾಯಿ ಬಿಡಲಿಲ್ಲ. ಈಗ ಬರೆಯುತ್ತೇನೆ. ನೀವು ಮಾಳಿಗೆಯ ಮೇಲೆ ಕಾಗೆ ಕರೆಯುತ್ತಿದ್ದಿರಿ, ಒಳಗೆ ಆದದ್ದು ನಿಮಗೆ ಗೊತ್ತಿಲ್ಲ.

ಮೊದಲ ಸಲ ಏನಾಯಿತು ಎಂಬುದಕ್ಕೆ ನೀವು ಸಾಕ್ಷಿ. ಹಬ್ಬಕ್ಕೆ ಇನ್ನೂ ದಿನವಿತ್ತು, ಮಧ್ಯಾಹ್ನದ ಬಿಸಿಲು, ನೀವು ನನ್ನ ಪಕ್ಕದಲ್ಲೇ ನಿಂತಿದ್ದಿರಿ. ಅವ್ವ ನನ್ನನ್ನು ನೋಡಿ ಹೊಸ್ತಿಲ ಮೇಲೆ ನೀರು ಚೆಲ್ಲಿ ಬಾಗಿಲು ಹಾಕಿದಳು. ಒಳಗಿನಿಂದ, "ಇನ್ನೂ ಹೊತ್ತು ಐತವ್ವ, ಈಗ ಬರಬಾರದು, ಮುಂದಕ್ಕ ಹೋಗು" ಎನ್ನುತ್ತಿದ್ದಳು. ನೀವು ಬಾಗಿಲು ಬಡಿದಿರಿ. ನಾನು ಬೇಡ ಎಂದೆ. ಬಾಗಿಲ ಆಚೆ ಅವಳು ಅಗುಳಿಯ ಮೇಲೆ ಅಗುಳಿ ಹಾಕುತ್ತಿದ್ದುದು ಈಚೆ ನನಗೆ ಕೇಳಿಸುತ್ತಿತ್ತು.

ವಿದ್ಯಾಶ್ರೀ ಮನೆಯಲ್ಲಿ ಉಳಿದೆ. ಅಮಾವಾಸ್ಯೆ ಬೆಳಗ್ಗೆ ಸುಮ್ಮನೆ ಬೀದಿಯ ಕೊನೆಗೆ ಹೋಗಿ ನೋಡಿ ಬರುತ್ತೇನೆ ಎಂದು ಹೊರಟೆ. ಬಾಗಿಲು ತೆರೆದಿತ್ತು. ಅವ್ವ ಹೊಸ್ತಿಲ ಒಳಗೆ ಕೂತಿದ್ದಳು. ನನ್ನ ಕಂಡು ಎದ್ದು ನಿಂತಳು.

"ಬಂದ್ಯಾ" ಎಂದಳು. "ಬಾ, ಬಾ. ಎಲ್ಲಾರೂ ಬಂದಾರ, ನಿಂದ ಹಾದಿ ಕಾಯಾಕತ್ತಿದ್ದೆ."

ಎಲೆ ಹಾಕಿತ್ತು ಮಾವ. ನಿಮ್ಮಿಂದ ತಡೆಯಲಾಗಿಲ್ಲ, ನನಗೆ ಬೇಜಾರಿಲ್ಲ. ಅವ್ವ ನನ್ನ ಭುಜ ಹಿಡಿದು ಸಾಲಿನ ಕೊನೆಗೆ ಕೂರಿಸಿದಳು. ನನ್ನ ಎಡಕ್ಕೆ ಅಜ್ಜಿಯ ಎಲೆ, ಅದರಾಚೆ ಅಜ್ಜನದು, ದೊಡ್ಡಪ್ಪನದು. ಯಾರೂ ಕೂತಿರಲಿಲ್ಲ. ಆದರೆ ಆ ಸಾಲಿನಲ್ಲಿ ಕೂತಾಗ ಪಕ್ಕದ ಜಾಗ ಖಾಲಿ ಎನಿಸಲಿಲ್ಲ. ಇಷ್ಟೇ ಬರೆಯುತ್ತೇನೆ.

ಅವ್ವ ಬಡಿಸಿದಳು. ಕರ್ಜಿಕಾಯಿ ಎರಡು ಹಾಕಿದಳು. ನಾನು ಕೈ ತೊಡೆಯ ಮೇಲೆ ಇಟ್ಟುಕೊಂಡು, "ಅವ್ವ, ನಾನು ಸತ್ತಿಲ್ಲ. ಜೀವಂತ ಅದೀನಿ, ಮುಟ್ಟಿ ನೋಡು" ಎಂದೆ.

ಅವಳು ನಕ್ಕಳು. ನನ್ನ ತಲೆ ಸವರಿದಳು. "ಎಲ್ಲಾರೂ ಹಂಗ ಅಂತಾರವ್ವ. ನಿಮ್ಮಜ್ಜಿನೂ ಹಂಗ ಅಂತಿದ್ಲು. ಉಣ್ಣು."

ಉಂಡೆ. ಅವ್ವನ ಕೈಯ ಅನ್ನ ಉಂಡು ಎಂಟು ವರ್ಷವಾಗಿತ್ತು. ಪಾಸ್ಟರು, ವಾಕ್ಯ, ಯಾವುದೂ ಆಗ ನೆನಪಾಗಲಿಲ್ಲ ಎಂದರೆ ಸುಳ್ಳು. ಎಲ್ಲ ನೆನಪಾಯಿತು, ಆದರೂ ಉಂಡೆ.

ಅವ್ವ ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೇಳುತ್ತ ಹೋದಳು. "ಅಲ್ಲಿ ಹೆಂಗ ಐತಿ?" ಕೆಂಪು ಮಣ್ಣು ಅವ್ವ, ಗುಡ್ಡ ಅದಾವ, ನಮ್ಮ ಕಡೀಗಿಂತ ತಂಪು ಎಂದೆ. "ಉಣಾಕ ಏನು ಕೊಡ್ತಾರ?" ಮುದ್ದಿ, ಬೆಳ್ಳಗ ಇರ್ತದ. "ಕೆಲಸ ಏನಾದ್ರೂ ಹಚ್ಯಾರೇನು?" ಸಣ್ಣ ಸಣ್ಣ ಕೂಸು ತರ್ತಾರ, ಎತ್ತಿಕೊಂಡು ತೂಕ ಮಾಡ್ತೀನಿ. ಅದನ್ನು ಕೇಳಿ ಅವ್ವನಿಗೆ ಬಹಳ ಸಮಾಧಾನವಾಯಿತು. "ಕೂಸುಗಳನ್ನ ನೋಡಾಕ ಯಾರರ ಬೇಕಲ್ಲ" ಎಂದಳು. ನಾನು ಹೇಳಿದ ಒಂದು ಮಾತೂ ಸುಳ್ಳಲ್ಲ. ಅವಳು ಕೇಳುತ್ತಿದ್ದದ್ದು ಬೇರೆ ಊರಿನ ಸುದ್ದಿ.

ಅಪ್ಪ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದರು. ಪಂಚೆಯ ಅಂಚು ಕಾಣುತ್ತಿತ್ತು. ಹೊರಗೆ ಬರಲಿಲ್ಲ. ಅವ್ವ ಅವರ ಕಡೆ ತಿರುಗಿ, "ಮಾತಾಡಸಬ್ಯಾಡ್ರಿ, ಅಕಿ ಬೆನ್ನ ಹತ್ತಿ ಹೋಗ್ತೀರಿ" ಎಂದು ಗದರಿದಳು. ಪಂಚೆಯ ಅಂಚು ಹಿಂದಕ್ಕೆ ಸರಿಯಿತು.

ಆಮೇಲೆ ಸೀರೆ ನನ್ನ ಮಡಿಲಿಗೆ ಹಾಕಿ, "ಹೊತ್ತಾತು, ಹೋಗು. ಬರೋ ವರ್ಷ ಬಾ" ಎಂದಳು. ಬಾಗಿಲವರೆಗೆ ಬಂದಳು. ನಾನು ತಿರುಗಿ ನೋಡಿದೆ. ಹಿರಿಯರು ಹೋಗುವುದನ್ನು ನೋಡಬಾರದಂತೆ, ಅವಳು ಮುಖ ಬೇರೆ ಕಡೆ ಮಾಡಿ ನಿಂತಿದ್ದಳು.

ಇಲ್ಲಿ ಪಾಸ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. ಈಗ ಸ್ವಲ್ಪ ದಿನ ಬೈಬಲ್ ಕ್ಲಾಸು ಬೇರೆಯವರು ತೆಗೆದುಕೊಳ್ಳಲಿ ಎಂದರು. ನಾಬಂಡಾ ಬಂದು, ಅಮ್ಮ ನೋಡಿದರೇ ಎಂದು ಕೇಳಿದಳು. ಎಲ್ಲ ಹೇಳಿದೆ. ಅವಳಿಗಲ್ಲದೆ ಯಾರಿಗೆ ಹೇಳಲಿ. ಪೂರ್ತಿ ಕೇಳಿ, "ಅನ್ನ ಬಿಸಿಯಾಗಿತ್ತೇ?" ಎಂದಳು. ಬಿಸಿಯಾಗಿತ್ತು ಎಂದೆ. ಎದ್ದು ಹೋದಳು. ಮಾರನೆಯ ಬೆಳಗ್ಗೆ ಅವಳು ಮರದ ಕಡೆ ಹೋಗುತ್ತಿದ್ದಳು, ಕೈಯಲ್ಲಿ ಬಟ್ಟಲಿತ್ತು. ನನ್ನನ್ನು ನೋಡಿ ನಿಂತಳು. ನಾನು ನಮಸ್ಕಾರ ಹೇಳಿ ದಾರಿ ಬಿಟ್ಟೆ.

ನಾನು ಬದುಕಿದ್ದೇನೆ ಎಂದು ಅವ್ವನಿಗೆ ಕೊನೆಗೂ ತಿಳಿಯಲಿಲ್ಲ ಮಾವ. ಇನ್ನು ತಿಳಿಸುವುದು ಬೇಡ.

ನಿಮ್ಮ ತ್ರಿವೇಣಿ


ರಾಯದುರ್ಗ
೬ ಫೆಬ್ರವರಿ ೨೦೨೫

ತ್ರಿವೇಣಿ, ಮಗಳೇ,

ವಿದ್ಯಾಶ್ರೀ ಫೋನಿನಲ್ಲಿ ಸುದ್ದಿ ಹೇಳಿದ್ದಾಳೆ. ಅವಳು ಅಳುವುದರಲ್ಲಿ ಹೇಳದೆ ಬಿಟ್ಟದ್ದನ್ನು ಬರೆಯುವುದಕ್ಕೆ ಕೂತಿದ್ದೇನೆ. ನಿಮ್ಮಪ್ಪನ ಅಂಗಡಿಯಲ್ಲೇ ಕೂತಿದ್ದೇನೆ, ಬಾಗಿಲು ಅರ್ಧ ಹಾಕಿದೆ.

ಅಕ್ಕ ಶುಕ್ರವಾರ ಮಧ್ಯಾಹ್ನ ಹೋದಳು. ಅದಕ್ಕೆ ಮೊದಲು ಅನ್ನ ಬಿಟ್ಟು ಮಲಗಿದ್ದಳು. ನಾನೂ ಪಾಪಕ್ಕನೂ ಬಂದು ಇಲ್ಲೇ ಇದ್ದೆವು. ಹೆದರುತ್ತಾಳೆ ಎಂದು ನಾನು ಹೆದರಿದ್ದೆ. ನಮ್ಮವ್ವ ಹೋಗುವಾಗ ಹೇಗೆ ಹೆದರಿದಳು ಎಂದು ನೋಡಿದವನು ನಾನು. ಅಕ್ಕ ಹೆದರಲಿಲ್ಲ. ಊರಿಗೆ ಹೊರಡುವವಳ ಹಾಗೆ ಮಾತಾಡುತ್ತಿದ್ದಳು. ನೋಡಲು ಬಂದ ಹೆಂಗಸರು ಅತ್ತರೆ ಅವರನ್ನೇ ಸಮಾಧಾನ ಮಾಡುತ್ತಿದ್ದಳು. "ಯಾಕ ಅಳ್ತೀರಿ? ನಮ್ಮ ತ್ರಿವೇಣಿ ಅದಾಳಲ್ಲ ಅಲ್ಲಿ. ಕೆಂಪು ಮಣ್ಣಿನ ಊರಂತ. ತಂಪು ಐತಂತ. ಬೆಳ್ಳನ ಮುದ್ದಿ ಕೊಡ್ತಾರಂತ. ಅಕಿ ಕೂಸುಗಳನ್ನ ನೋಡಕೋತಾಳ, ನಾನು ಹೋದ್ರ ಅಕಿಗೆ ಒಂದು ಕೈ ಆಗ್ತದ."

ಶುಕ್ರವಾರ ಬೆಳಗ್ಗೆ ನನ್ನನ್ನು ಹತ್ತಿರ ಕರೆದಳು. "ತಿಪ್ಪ, ಅಕಿ ಊರಿಗೆ ಯಾವ ಕಡೆಯಿಂದ ಹೋಗಬೇಕೋ?" ಎಂದಳು.

ಇಷ್ಟು ವರ್ಷ ಊರಿಗೆಲ್ಲ ದಾರಿ ಹೇಳಿದ ಬಾಯಿ ಇದು. ನಾನು ನಿಮ್ಮಪ್ಪನ ಕಡೆ ನೋಡಿದೆ. ನಿಮ್ಮಪ್ಪ ಕಾಲ ಬಳಿ ಕೂತಿದ್ದರು. ಅವರು ಅಕ್ಕನ ಪಾದ ಹಿಡಿದುಕೊಂಡು, ಅವಳ ಹೆಸರೆತ್ತಿ, "ಬೊಂಬಾಯಿ ಮ್ಯಾಲಿಂದ ವಿಮಾನದಾಗ ಹೋಗ್ತಾರ, ಗುರುಶಾಂತಿ. ಸಮುದ್ರ ದಾಟಬೇಕು. ನಿದ್ದಿ ಬಂದ್ರ ಮಲಕ್ಕೊ, ಅವ್ರ ಎಬ್ಬಸ್ತಾರ" ಎಂದರು. ನೀನು ಹೋಗುವ ದಾರಿಯನ್ನು ಅವರು ಯಾವಾಗ ಯಾರನ್ನು ಕೇಳಿ ತಿಳಿದಿದ್ದರೋ. ಅಕ್ಕ ಹೂಂ ಎಂದಳು. ಮಧ್ಯಾಹ್ನ ನಿದ್ದೆ ಬಂತು.

ನೀನು ಬದುಕಿದ್ದೀಯ ಎಂದು ತಿಳಿದಿದ್ದರೆ ಅಕ್ಕ ಇಷ್ಟು ನೆಮ್ಮದಿಯಾಗಿ ಹೋಗುತ್ತಿದ್ದಳೋ ಇಲ್ಲವೋ. ಮಗಳನ್ನು ಇಲ್ಲೇ ಎಲ್ಲೋ ಬಿಟ್ಟು ಹೋಗುತ್ತಿದ್ದೇನೆ ಎಂದು ಅಳುತ್ತಿದ್ದಳೇನೋ. ನನಗೆ ತಿಳಿಯುವುದಿಲ್ಲ. ಏಳನೇ ಕ್ಲಾಸಿನವನು ನಾನು.

ನಿಮ್ಮಪ್ಪ ನಿನಗೆ ಬರೆಯಲು ಹೇಳಿದ್ದು ಇಷ್ಟು. ಸಾದಾ ದಿನ ಬರಬೇಕಂತೆ. ಯಾವ ದಿನವಾದರೂ ಸರಿಯಂತೆ.

ನಾನು ಹೇಳುವುದು ಬೇರೆ ಇದೆ, ನೀನು ನಗಬೇಡ. ನಿನ್ನ ದೇವರು ಏನು ಹೇಳುತ್ತಾನೋ, ನಿನ್ನ ಪಾಸ್ಟರು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ಅಕ್ಕ ಹೊರಟದ್ದು ನಿನ್ನಲ್ಲಿಗೆ. ಬೇರೆಲ್ಲಿಗೂ ಅಲ್ಲ. ಕಾಗದ ತಲುಪುವುದು ತಡವಾಗುತ್ತದೆ, ಅವಳು ಅದಕ್ಕಿಂತ ಮೊದಲೇ ಬಂದು ಸೇರಬಹುದು. ಬಳ್ಳಾರಿ ದಾಟಿ ಹೋದವಳಲ್ಲ ಆ ಹೆಂಗಸು, ಭಾಷೆ ಬರುವುದಿಲ್ಲ, ಯಾರನ್ನೂ ಕೇಳುವ ಸ್ವಭಾವವೂ ಅಲ್ಲ. ಸಂಜೆಯ ಹೊತ್ತು ಸ್ವಲ್ಪ ಊರಾಚೆ ಬಂದು ನಿಂತಿರು.

ತಿಪ್ಪೇಶ